ಗಂಡಸರಿಲ್ಲದ ಸಮಾಧಿ

ತೆಬುನಾನ್ ಕೇರಿ, ಬಾಲಿ
ಮಾರ್ಚ್ 11, 1992

ಕಿನುಯೊ,

ಕಾಗದವನ್ನು ಹವೆಯ ಮಾತಿನಿಂದ ಶುರು ಮಾಡಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಇಲ್ಲಿ ಸೆಕೆ. ನಿನ್ನೆಯೂ ಸೆಕೆ, ನಾಳೆಯೂ ಸೆಕೆ. ಆ ಶಾಸ್ತ್ರ ಮುಗಿಯಿತು.

ನಿನ್ನ ಅಮ್ಮನಿಗೆ ಮೊದಲು ಇದನ್ನು ಓದಿ ಹೇಳು: ಮಗ ಸೇಜಿ ಸಿಕ್ಕಿದ. ಹದಿನೆಂಟು ವರ್ಷಗಳ ಹಿಂದೆ ಎಲ್ಲಿ ಮಣ್ಣಾದನೋ ಅಲ್ಲೇ ಇದ್ದಾನೆ.

ಸುಲಭಕ್ಕೆ ಸಿಗಲಿಲ್ಲ. ನಾನು ಟ್ಯೂನಾ ಮೀನಿನ ಹಡಗಿನಲ್ಲಿ ಬೋಸನ್ ಎಂಬ ಮೇಸ್ತ್ರಿಯಾಗಿ ಸೇಜಿಯನ್ನೂ ಡೆಕ್ಕಿನ ಉಳಿದ ಹುಡುಗರನ್ನೂ ಕುಣಿಸುತ್ತಿದ್ದ ಕಾಲದ ಬಂದರು ಈಗಿಲ್ಲ. ಹೆಂಡದಂಗಡಿಗಳಿದ್ದ ಜಾಗದಲ್ಲಿ ಹೋಟೆಲುಗಳು. ಟ್ಯಾಕ್ಸಿಯವನು ನನ್ನನ್ನು ಅಂಥದ್ದೊಂದರ ಬಾಗಿಲಲ್ಲಿ ಇಳಿಸಿ ಹೋದ. ಹೊಸದಾಗಿ ಮದುವೆಯಾಗಿ ಬಂದಿದ್ದ ನಮ್ಮ ದೇಶದ ಜೋಡಿಯೊಂದು ನನ್ನನ್ನು ಅಲ್ಲಿನ ಮಾಲಿ ಎಂದುಕೊಂಡು ಕೈಸನ್ನೆ ಮಾಡಿ ಫೋಟೊ ತೆಗೆಯಲು ಹೇಳಿತು. ತೆಗೆದೆ. ಇಬ್ಬರ ತಲೆಯೂ ಬಂದಿರಲಿಕ್ಕಿಲ್ಲ. ಆಮೇಲೆ ಒಬ್ಬನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಹೊರಟು, ಅವನ ಜೊತೆಯಲ್ಲೇ ಗದ್ದೆಗೆ ಬಿದ್ದೆ. ನಲವತ್ತು ವರ್ಷ ಅಲೆಯ ಮೇಲೆ ನಿಂತವನು ನಾಟಿ ಮಾಡಿದ ಕೆಸರಿನಲ್ಲಿ ಅಂಗಾತ ಬಿದ್ದಿದ್ದೆ. ಸೊಂಟ ಇನ್ನೂ ನೋಯುತ್ತಿದೆ.

ಕೆಸರು ಮೆತ್ತಿಕೊಂಡೇ ಈ ಕೇರಿಗೆ ಬಂದೆ. ಬಾಗಿಲಲ್ಲಿ ಬಲೆ ಹೆಣೆಯುತ್ತಿದ್ದವನು ತಲೆಯೆತ್ತಿ ನೋಡಿದ. ನ್ಯೋಮನ್ ರೆಂಬುಗ್. ಜ್ವರದಲ್ಲಿ ಬೇಯುತ್ತಿದ್ದ ಸೇಜಿಯನ್ನು ನಾನು ಹೊತ್ತು ತಂದು ಮಲಗಿಸಿದ್ದು ಇವನ ಮನೆಯಲ್ಲೇ. ಹಡಗು ಕಾಯುವಂತಿರಲಿಲ್ಲ. ನಾಲ್ಕು ದಿನ ಗಂಜಿ ಕುಡಿಸಿ, ಐದನೆಯ ದಿನ ಕಣ್ಣು ಮುಚ್ಚಿಸಿದವರು ಇವನು ಮತ್ತು ಇವನ ಹೆಂಡತಿ ಸರಿನಿಂಗ್.

"ಪಾಕ್ ತೊಮೆ! ಕೂದ್ಲೆಲ್ಲ ಎಲ್ಲಿ ಬಿಟ್ಟು ಬಂದ್ರಿ?" ಅಂದ. ಇಲ್ಲಿ ಹಿರಿಯರನ್ನು ಪಾಕ್ ಅನ್ನುತ್ತಾರೆ.

"ಸಮುದ್ರಕ್ಕೆ ಕೊಟ್ಟೆ."

"ಮಿಕ್ಕಿದ್ದಾದ್ರೂ ತಂದ್ರಲ್ಲ, ಬನ್ನಿ ಒಳಗೆ. ಕಾಲು ತೊಳ್ಕೊಳ್ಳಿ ಮೊದ್ಲು."

ಹಬ್ಬ ಬಂದಾಗಲೆಲ್ಲ ಇವರು ತಮ್ಮ ಹಿರಿಯರಿಗೆ ಎಡೆಯಿಟ್ಟು, ಒಂದು ಎಲೆ ಅನ್ನವನ್ನು ಸೇಜಿಗೂ ಇಟ್ಟು ಬರುತ್ತಾರಂತೆ. ಸ್ಮಶಾನದ ಮೂಲೆಯಲ್ಲಿ ಒಂದು ಕಲ್ಲು, ಮೇಲೆ ಒಣಗಿದ ಹೂ. ಅದರ ಮುಂದೆ ಕೂತೆ. ಏನು ಹೇಳಲೂ ತೋಚದೆ, "ಅಮ್ಮ ಕರೀತಿದ್ದಾರೆ ಕಣೋ" ಅಂದೆ.

ಮಳೆ ಮುಗಿಯುವಷ್ಟರಲ್ಲಿ ಅವನನ್ನು ತರುತ್ತೇನೆ. ಅಲ್ಲಿಯವರೆಗೆ ಅಮ್ಮ ಸರಿಯಾಗಿ ಊಟ ಮಾಡಬೇಕು.

ತೊಮೆಕಿಚಿ

*

ಕುರೊಹಾಮಾ
ಏಪ್ರಿಲ್ 2

ತೊಮೆಕಿಚಿ ಅಣ್ಣನವರಿಗೆ,

ನಿಮ್ಮ ಕಾಗದವನ್ನು ಅಮ್ಮ ಮೂರು ಸಲ ಓದಿಸಿದಳು. ಗದ್ದೆಗೆ ಬಿದ್ದ ಕಡೆ ನಕ್ಕಳು. ಚಳಿಗಾಲದಿಂದ ಈಚೆಗೆ ಅವಳ ನಗು ಕೇಳಿದ್ದು ಇದೇ ಮೊದಲು. ಆ ದಿನ ಒಂದು ಬಟ್ಟಲು ಗಂಜಿ ಕುಡಿದಳು, ಉಪ್ಪಿನಲ್ಲಿ ಹಾಕಿದ ಉಮೆ ಕಾಯಿ ಕೇಳಿ ಹಾಕಿಸಿಕೊಂಡಳು.

ವೈದ್ಯರು ಮಾತ್ರ ಬೇರೆ ಮಾತು ಹೇಳುತ್ತಾರೆ. ಎಲೆ ಉದುರುವ ಕಾಲವನ್ನು ನೋಡಿಯಾಳೆಂದು ನಂಬಬೇಡಿ ಅಂದರು. ಅವಳಿಗೆ ಕಿವಿ ಮಂದವಾದರೂ ಅದು ಹೇಗೋ ಕೇಳಿಸಿಕೊಂಡಿದ್ದಾಳೆ.

ಕಳೆದ ತಿಂಗಳು ನಮ್ಮ ಮನೆತನದ ಸಮಾಧಿ ತೊಳೆಯಲು ಹೋಗಿದ್ದೆ. ಕಲ್ಲು ಸರಿಸಿ ಒಳಗೆ ನೋಡಿದೆ. ಅಜ್ಜಿ, ಮುತ್ತಜ್ಜಿ, ದೊಡ್ಡತ್ತೆ, ಎಳವೆಯಲ್ಲೇ ಹೋದ ನನ್ನ ಅಕ್ಕ, ಎಲ್ಲರೂ ಅವರವರ ಮೂಳೆಯ ಡಬ್ಬಿಗಳಲ್ಲಿ ಸಾಲಾಗಿ ಕೂತಿದ್ದಾರೆ. ಅಜ್ಜನದು ಬರೀ ಹೆಸರು. ಅಪ್ಪನ ಡಬ್ಬಿ ನಿಮಗೆ ಗೊತ್ತೇ ಇದೆ. ಯುದ್ಧದಲ್ಲಿ ನೌಕಾಪಡೆಯವರು ದೋಣಿಯ ಸಮೇತ ಅವರನ್ನು ಕರೆದುಕೊಂಡು ಹೋದರು. ಆಮೇಲೆ ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆಯೊಂದು ಬಂತು. ಸೇಜಿಯನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಅಮ್ಮ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳಂತೆ. ಒಳಗೆ ಕಟಕಟ ಅಂದಿದ್ದು ಒಂದು ಬೆಣಚುಕಲ್ಲು.

ಈ ಮನೆಯ ಗಂಡಸರನ್ನೆಲ್ಲ ಸಮುದ್ರ ನುಂಗಿತು. ನೆಲದ ಮೇಲೆ ಸತ್ತವನು ಸೇಜಿ ಒಬ್ಬನೇ. "ನನ್ನ ಗಂಡಸರಲ್ಲಿ ಮೂಳೆ ಅಂತ ಉಳಿದಿರೋದು ಅವನದ್ದೊಂದೇ ಕಣೇ, ಅದನ್ನ ಪಕ್ಕದಲ್ಲಿ ಇಟ್ಕೊಂಡು ಮಲಗ್ತೀನಿ" ಅನ್ನುತ್ತಾಳೆ ಅಮ್ಮ. "ಇಲ್ದಿದ್ರೆ ಅಲ್ಲಿ ಅತ್ತೆ, ಅತ್ತೆಯ ಅತ್ತೆ. ಬದುಕಿದ್ದಾಗ ಪಟ್ಟಿದ್ದು ಸಾಲದಾ ನನಗೆ?"

ಬೇಗ ಬನ್ನಿ. ಇದಕ್ಕಿಂತ ಹೆಚ್ಚಿಗೆ ಏನು ಬರೆಯಲಿ?

ಕಿನುಯೊ

*

ತೆಬುನಾನ್
ಏಪ್ರಿಲ್ 27

ಕಿನುಯೊ,

ಬೇಗ ಎಂದು ನೀನು ಬರೆದೆಯಲ್ಲ, ಅದರಿಂದ ಒಂದು ಅವಾಂತರವಾಯಿತು. ಅಮ್ಮನಿಗೆ ಓದು, ನಗಲಿ.

ಯಾವಾಗ ಅಗೆಯೋಣ ಎಂದು ರೆಂಬುಗ್‌ನನ್ನು ದಿನಾ ಕೇಳುತ್ತಿದ್ದೆ. ದಿನಾ "ದಿನ ಬರ್ಲಿ ಪಾಕ್" ಅನ್ನುತ್ತಿದ್ದ. ಇವರ ದಿನ ನಮ್ಮ ಕ್ಯಾಲೆಂಡರಿನಲ್ಲಿ ಇರುವುದಿಲ್ಲ. ಮೊನ್ನೆ ನಡುಮಧ್ಯಾಹ್ನ ಕೇರಿಯೆಲ್ಲ ಮಲಗಿದ್ದಾಗ ಹಿತ್ತಲಿನಿಂದ ಗುದ್ದಲಿ ತೆಗೆದುಕೊಂಡು ಒಬ್ಬನೇ ಸ್ಮಶಾನಕ್ಕೆ ಹೋದೆ. ಎರಡು ಏಟು ಹಾಕಿರಬಹುದು, ನಾಯಿಗಳು ಬಂದವು. ಇಲ್ಲಿನ ನಾಯಿಗಳು ದೇವಸ್ಥಾನದಲ್ಲಿ ಪಾಪದ ಮುಖ ಮಾಡಿಕೊಂಡು ಬಿದ್ದಿರುತ್ತವೆ, ಸ್ಮಶಾನದಲ್ಲಿ ಬೇರೆ ಜಾತಿಯೇ. ನಾನು ಗೋಣಿಮರ ಹತ್ತಿದೆ. ಅಷ್ಟರಲ್ಲಿ ಯಾರೋ ಮರದ ಗಂಟೆಯನ್ನು ಡಬಡಬ ಬಡಿದರು. ಇಡೀ ಕೇರಿ ಬಂದು ಸುತ್ತ ನಿಂತಿತು. ಅರವತ್ತೆರಡು ವರ್ಷದ ನಾನು ಮರದ ಮೇಲೆ, ಒಂದು ಚಪ್ಪಲಿ ನಾಯಿಯ ಬಾಯಲ್ಲಿ.

ಹೊಡೆಯುತ್ತಾರೆ ಅಂದುಕೊಂಡೆ. ಕೇರಿಯ ಯಜಮಾನ ಕೇಳಿದ್ದು ಇಷ್ಟೇ: "ಇಳಿಯೋಕೆ ಏಣಿ ಬೇಕಾ?"

ಆಮೇಲೆ ಕೂರಿಸಿಕೊಂಡು ಬುದ್ಧಿ ಹೇಳಿದರು. ಇಲ್ಲಿ ಹೂಳುವುದೆಂದರೆ ಕಾಯಲು ಇಡುವುದು. ಕೆಲವು ವರ್ಷಕ್ಕೊಮ್ಮೆ ಕೇರಿಯವರೆಲ್ಲ ಕೂಡಿ ತಮ್ಮ ತಮ್ಮ ಸತ್ತವರನ್ನು ಎತ್ತಿ ಒಟ್ಟಿಗೆ ಸುಡುತ್ತಾರೆ. ಆ ಕಾರ್ಯ ಈ ಜುಲೈನಲ್ಲಿದೆ. ಹಿಂದಿನ ಸಲಗಳಲ್ಲಿ ಸೇಜಿಯನ್ನು ಎತ್ತಲಿಲ್ಲವಂತೆ. ಮನೆಯವರು ಯಾರೂ ಬರದೆ ಹೇಗೆ ಎತ್ತುವುದು ಎಂದು ಕಾದರಂತೆ. "ಈಗ ನೀವ್ ಬಂದ್ರಲ್ಲ, ಅವನ ಪುಣ್ಯ" ಎಂದು ಸರಿನಿಂಗ್ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ನಾನು ಕೇಳಿದೆ: "ಸುಟ್ಟಾದ ಮೇಲೆ ಮೂಳೆ ಆರಿಸೋದು ಇದೆಯಾ?"

"ಇಲ್ದೆ? ಮನೆಯವ್ರೇ ಆರಿಸ್ಬೇಕು. ನೀವೇ ಮೊದ್ಲು."

ನೋಡಿದೆಯಾ? ನಮ್ಮ ಪದ್ಧತಿಯೇ. ಅಗೆದ ಮೂಳೆ ಹೊತ್ತು ವಿಮಾನ ಹತ್ತುವುದು ಹೇಗೋ ಎಂದು ನನಗೂ ಅಳುಕಿತ್ತು. ಈಗ ಸುಟ್ಟ ಶುದ್ಧ ಮೂಳೆ, ಡಬ್ಬಿಯಲ್ಲಿ, ಮರ್ಯಾದೆಯಿಂದ. ಎಲ್ಲದಕ್ಕೂ ಒಪ್ಪಿದೆ. ಡಬ್ಬಿಯನ್ನೂ ಮೂಳೆ ಎತ್ತುವ ಜೋಡಿ ಕಡ್ಡಿಗಳನ್ನೂ ಕಳಿಸು, ಒಂದು ಬಿದಿರಿನದು, ಒಂದು ಮರದ್ದು. ಜುಲೈವರೆಗೆ ಅಮ್ಮನನ್ನು ಹೇಗಾದರೂ ಹಿಡಿದಿಟ್ಟುಕೊ.

ತೊಮೆಕಿಚಿ

*

ಕುರೊಹಾಮಾ
ಮೇ 20

ತೊಮೆಕಿಚಿ ಅಣ್ಣನವರಿಗೆ,

ಡಬ್ಬಿಯೂ ಕಡ್ಡಿಗಳೂ ಈ ಕಾಗದದ ಜೊತೆಗಿವೆ. ಡಬ್ಬಿಯನ್ನು ಅಮ್ಮನೇ ಆರಿಸಿದಳು. ಅಂಗಡಿಯವನಿಂದ ಐದಾರು ತರಿಸಿ, ಒಂದೊಂದನ್ನೂ ಮಡಿಲಿನಲ್ಲಿಟ್ಟುಕೊಂಡು ತಡವಿ ನೋಡಿ, ನೀಲಿ ಹೂವಿನದನ್ನು ಇಟ್ಟುಕೊಂಡಳು. ಆಗಸ್ಟಿನಲ್ಲಿ ಸತ್ತ ಹಿರಿಯರು ಮನೆಗೆ ಬರುವ ಹಬ್ಬದ ಹೊತ್ತಿಗೆ ಸೇಜಿ ಬಂದಿರುತ್ತಾನೆ, ಅವನೂ ಎಲ್ಲರ ಜೊತೆ ಕೂರುತ್ತಾನೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದಾಳೆ. ಅಲ್ಲಿಯವರೆಗೆ ಸಾಯುವುದಿಲ್ಲವಂತೆ. ವೈದ್ಯರಿಗೂ ಹಾಗೆಯೇ ಹೇಳಿ ಕಳಿಸಿದಳು.

ಅವಳದೊಂದು ಮಾತಿದೆ. ಕೆಳಗಿನ ಊರಿನ ಚಿತಾಗಾರದವನು ಅವಸರದಲ್ಲಿ ಜಾಸ್ತಿ ಉರಿ ಕೊಟ್ಟು ಯಾರದ್ದೋ ಮೂಳೆಯನ್ನು ಪುಡಿ ಮಾಡಿಬಿಟ್ಟಿದ್ದನಂತೆ. "ಅಲ್ಲಿನೋರಿಗೆ ಹೇಳ್ಬೇಕು, ಉರಿ ಹದವಾಗಿರ್ಲಿ, ಮೂಳೆ ಪುಡಿ ಆಗ್ಬಾರ್ದು ಅಂತ" ಎಂದು ದಿನಾ ನೆನಪು ಮಾಡುತ್ತಾಳೆ. ದಯವಿಟ್ಟು ಹೇಳಿ.

ಕಿನುಯೊ

*

ತೆಬುನಾನ್
ಜುಲೈ 18

ಕಿನುಯೊ,

ಉರಿಯ ವಿಷಯ ಹೇಳಿದ್ದೇನೆ. ಎಲ್ಲರೂ ನಕ್ಕು ತಲೆಯಾಡಿಸಿದರು.

ಎರಡು ತಿಂಗಳಿಂದ ನಾನೂ ಈ ಕೇರಿಯ ಕೂಲಿ. ಬಿದಿರು ಸೀಳುತ್ತೇನೆ, ತೆಂಗಿನ ಗರಿ ಹೊರುತ್ತೇನೆ. ಶವ ಹೊರುವ ಗೋಪುರಕ್ಕೆ ನಾನು ಹಾಕಿದ ಹಡಗಿನ ಗಂಟನ್ನು ಯಾರಿಗೂ ಬಿಚ್ಚಲು ಬರಲಿಲ್ಲ. "ಪಾಕ್ ತೊಮೆ, ಇದು ಸುಡೋಕೆ ಕಟ್ಟಿರೋದು, ಬಿರುಗಾಳಿಗಲ್ಲ!" ಎಂದು ಗೇಲಿ ಮಾಡುತ್ತಾರೆ. ಇವರ ಅನ್ನ ತಿಂದು ಇವರ ನಾಯಿಗಳಿಗೂ ಬೇಕಾದವನಾಗಿದ್ದೇನೆ.

ಮೊನ್ನೆ ಅಗೆದರು. ಎದೆ ಗಟ್ಟಿಮಾಡಿಕೊಂಡು ಕೇಳಲು ಅಮ್ಮನಿಗೆ ಹೇಳು. ಅವನು ಇದ್ದಾನೆ. ತೊಡೆಯ ಮೂಳೆಗಳು ಗಟ್ಟಿಯಾಗಿವೆ, ತಲೆಯೂ ಇದೆ. ಹಗ್ಗ ಸುತ್ತುವ ಯಂತ್ರಕ್ಕೆ ಸಿಕ್ಕಿ ಮುರಿದು, ಸೊಟ್ಟಗೆ ಕೂಡಿಕೊಂಡಿತ್ತಲ್ಲ ಎಡ ಹೆಗಲಿನ ಮುಂದಿನ ಮೂಳೆ, ಅದು ಹಾಗೆಯೇ ಸೊಟ್ಟಗಿದೆ. ನಾನು ಬೆರಳಿಟ್ಟು ಮುಟ್ಟಿದೆ. ಮನುಷ್ಯನನ್ನು ಮುಟ್ಟಿದ ಹಾಗೆಯೇ ಆಯಿತು. ಸರಿನಿಂಗ್ ಹೂವಿನ ನೀರಿನಲ್ಲಿ ಒಂದೊಂದನ್ನೂ ತೊಳೆದಳು, ಮಗುವಿಗೆ ಸ್ನಾನ ಮಾಡಿಸುವ ಹಾಗೆ.

ಬರುವ ವಾರ ಬೆಂಕಿ. ಆಗಸ್ಟ್ ಎಂಟರ ವಿಮಾನಕ್ಕೆ ಟಿಕೆಟ್ ತೆಗೆದಿದ್ದೇನೆ. ಹಬ್ಬಕ್ಕೆ ನಾವಿಬ್ಬರೂ ಬರುತ್ತೇವೆ.

ತೊಮೆಕಿಚಿ

*

ತೆಬುನಾನ್
ಜುಲೈ 31

ಕಿನುಯೊ, ಇದನ್ನು ಅಮ್ಮನ ಮುಂದೆ ಒಡೆಯಬೇಡ. ಒಡೆದಿದ್ದರೆ ಮಡಿಚಿಡು. ಹೊರಗೆ ಹೋಗಿ ಓದು.

ಬೆಂಕಿ ಚೆನ್ನಾಗಿಯೇ ಉರಿಯಿತು. ನೀರು ಹೊಯ್ದು ನಂದಿಸಿದ ಮೇಲೆ ಸರಿನಿಂಗ್ ಕರೆದಳು, "ಬನ್ನಿ ಪಾಕ್, ನೀವೇ ಮೊದ್ಲು." ನೀನು ಕಳಿಸಿದ ಕಡ್ಡಿಗಳಲ್ಲಿ ಆರಿಸಿ ತಟ್ಟೆಯಲ್ಲಿ ಜೋಡಿಸಿದೆ. ಕಾಲಿನಿಂದ ತಲೆಯವರೆಗೆ, ನಮ್ಮ ಕ್ರಮದಂತೆ, ಅವನು ಡಬ್ಬಿಯಲ್ಲಿ ನೆಟ್ಟಗೆ ಕೂರುವ ಹಾಗೆ. ಅವರೆಲ್ಲ ಕೈಯಲ್ಲೇ ಆರಿಸುತ್ತಿದ್ದರು. ನನ್ನ ಕಡ್ಡಿ ನೋಡಿ, "ಏನ್ ಪಾಕ್, ನಿಮ್ಮೂರಲ್ಲಿ ಕಡ್ಡಿ ಹಿಡ್ಕೊಂಡು ಊಟಕ್ಕೆ ಕೂತ ಹಾಗಿದೆ" ಎಂದು ಯಾರೋ ಅಂದರು, ನಾನೂ ನಕ್ಕೆ. ಗಂಟಲಿನ ಮೂಳೆಯೂ ಸಿಕ್ಕಿತು, ಕುಳಿತ ಬುದ್ಧನ ಆಕಾರದಲ್ಲಿ, ಒಂದು ಚೂರೂ ಮುಕ್ಕಾಗದೆ. ಅದನ್ನು ಮೇಲಿಟ್ಟು ಎಲ್ಲರಿಗೂ ತೋರಿಸಿದೆ. ಬದುಕಿನಲ್ಲಿ ಅಷ್ಟು ಸಂತೋಷಪಟ್ಟ ನೆನಪಿಲ್ಲ.

ಡಬ್ಬಿ ತರಲು ಎದ್ದೆ. ತಿರುಗಿ ನೋಡಿದರೆ ತಟ್ಟೆ ಖಾಲಿ. ಸರಿನಿಂಗ್ ಎಲ್ಲವನ್ನೂ ಕಲ್ಲಿನ ಒರಳಿಗೆ ಸುರಿದು ಕಬ್ಬಿನ ಜಲ್ಲೆಯಿಂದ ಅರೆಯುತ್ತಿದ್ದಳು.

ಕೂಗಿಕೊಂಡೆ. ಹೋಗಿ ಒರಳನ್ನು ತಬ್ಬಿಕೊಂಡೆ. ರೆಂಬುಗ್ ಸೊಂಟಕ್ಕೆ ಕೈ ಹಾಕಿ ಎಳೆದ.

"ಏನಾಯ್ತು ಪಾಕ್? ಏನಾಯ್ತು?"

"ಮೂಳೆ ಕಣೋ! ಅವನ ಅಮ್ಮನಿಗೆ ಮೂಳೆ!"

"ಮೂಳೆ ಇಟ್ಕೊಂಡು ಏನ್ ಮಾಡ್ತಾರೆ?" ಅಂದ. ಕುಹಕವಲ್ಲ, ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ಮೂಳೆ ಇದ್ರೆ ಅವನು ಹೋಗೋದಾದ್ರೂ ಹೇಗೆ? ಇಷ್ಟು ವರ್ಷ ಕಾದಿದ್ದಾನೆ ಪಾಪ, ಇನ್ನೂ ಎಷ್ಟ್ ಕಾಯಿಸ್ತೀರಿ?"

ಸರಿನಿಂಗ್‌ಗೆ ಮಾತ್ರ ನನ್ನ ಮುಖ ನೋಡಿ ಏನೋ ಹೊಳೆಯಿತು. ಕೈ ನಿಲ್ಲಿಸಿ ಯಜಮಾನನ ಕಡೆ ನೋಡಿದಳು. ಅರ್ಧ ಮನುಷ್ಯನನ್ನು ಕಳಿಸಲು ಬರುವುದಿಲ್ಲ ಅಂದ ಆತ. ಅವಳು ಅಳುತ್ತ ಅಳುತ್ತಲೇ ಅರೆದಳು.

ಆ ಹಿಟ್ಟನ್ನು ಹಳದಿ ಎಳನೀರಿನ ಕಾಯಿಯಲ್ಲಿ ತುಂಬಿ, ಬಿಳಿ ಬಟ್ಟೆ ಸುತ್ತಿ, ವಾದ್ಯ ಬಾರಿಸಿಕೊಂಡು ಸಮುದ್ರಕ್ಕೆ ಹೋದರು. ಸಮುದ್ರಕ್ಕೆ, ಕಿನುಯೊ. ದಂಡೆಯವರೆಗೂ ಬೇಡಿಕೊಂಡು ಬಂದೆ. ಕೇಳುವವರಾದರೂ ಯಾರು? ಅವರು ಹಾಡುತ್ತಿದ್ದರು. ಬಿಟ್ಟ ಕಾಯಿಯ ಹಿಂದೆ ನೀರಿಗಿಳಿದೆ. ನನಗೆ ಈಜು ಬಾರದೆಂದು ನಿನಗೆ ಗೊತ್ತು. ಕುತ್ತಿಗೆಯವರೆಗೆ ಹೋಗಿ ಹಿಡಿದೆ. ಒಳಗೆ ಉಪ್ಪುನೀರು, ಒಂದು ದಾರ. ರೆಂಬುಗ್ ಅಂಗಿ ಹಿಡಿದು ದಡಕ್ಕೆ ಎಳೆದು ಹಾಕಿದ.

ಎಲ್ಲದಕ್ಕೂ ತಲೆಯಾಡಿಸಿದವನು ನಾನೇ. ಸುಟ್ಟರೆ ಮೂಳೆ ಕೈಗೆ ಬರುತ್ತದೆ, ಡಬ್ಬಿ ಸೇರುತ್ತದೆ, ಮನೆಗೆ ಹೋಗುತ್ತದೆ. ಹುಟ್ಟಿದಂದಿನಿಂದ ನಾನು ಕಂಡಿದ್ದು ಇದನ್ನೇ. ಮೂಳೆ ಆರಿಸಿದ ಮೇಲೂ ಕೇಳಬೇಕಾದ ಪ್ರಶ್ನೆಯೊಂದು ಇದ್ದೀತೆಂದು ನನಗೆ ಹೊಳೆಯಲೇ ಇಲ್ಲ. ಅಮ್ಮನ ಗಂಡಸರಲ್ಲಿ ಉಳಿದಿದ್ದ ಒಬ್ಬನನ್ನು ನಾನೇ ಮುಂದೆ ನಿಂತು ಸಮುದ್ರಕ್ಕೆ ಕೊಡಿಸಿದೆ.

ಇಲ್ಲಿ ದಂಡೆಯ ಮೇಲೆ ಬಿಳಿ ಹವಳದ ಚೂರುಗಳು ಬಿದ್ದಿರುತ್ತವೆ. ಕೆಲವನ್ನು ನೋಡಿದರೆ ಬೆರಳಿನ ಮೂಳೆಯೇ ಅನ್ನಬೇಕು. ಅವನ್ನೇ ಡಬ್ಬಿಗೆ ತುಂಬಿ ತರಲೇ? ನೀನು ಹೂಂ ಅಂದರೆ ಸಾಕು.

ತೊಮೆಕಿಚಿ

*

ಕುರೊಹಾಮಾ
ಆಗಸ್ಟ್ 16

ತೊಮೆಕಿಚಿ ಅಣ್ಣನವರಿಗೆ,

ಇವತ್ತಿಗೆ ಹಬ್ಬ ಮುಗಿಯಿತು. ಹಿರಿಯರನ್ನು ಕಳಿಸಿಕೊಟ್ಟೆವು. ಸೇಜಿ ಕೂರಲೆಂದು ಹಾಕಿದ್ದ ದಿಂಬನ್ನು ಅಮ್ಮ ಎತ್ತಲು ಬಿಡುತ್ತಿಲ್ಲ. ನಿಮ್ಮ ಕಾಗದವನ್ನು ಅವಳಿಗೆ ಓದಿಲ್ಲ. ವಿಮಾನ ತಡವಾಗಿದೆ, ಹೊರಟಿದ್ದಾರೆ, ದಾರಿಯಲ್ಲಿದ್ದಾರೆ ಎಂದು ದಿನಕ್ಕೊಂದು ಹೇಳುತ್ತಿದ್ದೇನೆ. ಬಸ್ಸಿನ ಸದ್ದಾದರೆ ತಲೆಯೆತ್ತುತ್ತಾಳೆ.

ಹವಳ ಬೇಡ. ಅವಳು ಅಲ್ಲಾಡಿಸಿ ನೋಡುತ್ತಾಳೆ. ಒಂದು ಸಲ ಕಲ್ಲಿನ ಸದ್ದು ಕೇಳಿದ ಕಿವಿ ಅದು, ಬೇರೇನೂ ಕೇಳದಿದ್ದರೂ ಅದೊಂದು ಕೇಳುತ್ತದೆ.

ನಿಮ್ಮ ಮೇಲೆ ಕೋಪವಿಲ್ಲ ಎಂದು ಬರೆಯಬೇಕೆಂದು ಕೂತೆ. ಆಗುತ್ತಿಲ್ಲ. ಆದರೂ ಬನ್ನಿ. ಅವಳಿಗೆ ನಾನೊಬ್ಬಳೇ ಹೇಳಲಾರೆ.

ಕಿನುಯೊ

*

ತೆಬುನಾನ್
ಸೆಪ್ಟೆಂಬರ್ 3

ಕಿನುಯೊ,

ನನ್ನಿಂದ ಬರಲಾಗುವುದಿಲ್ಲ. ಎಂಟರ ವಿಮಾನ ಹೋಯಿತು, ಟಿಕೆಟ್ ಹಾಳಾಯಿತು. ಖಾಲಿ ಡಬ್ಬಿ ಹಿಡಿದು ಆ ತಾಯಿಯ ಮುಂದೆ ನಿಲ್ಲುವುದಕ್ಕಿಂತ ಇಲ್ಲಿ ಇರುವುದೇ ವಾಸಿ.

ಇಲ್ಲಿ ಯಾರೂ ನನ್ನನ್ನು ಬೈಯುವುದಿಲ್ಲ, ಅದೇ ಕಷ್ಟ. ಸರಿನಿಂಗ್ ನನ್ನ ತಟ್ಟೆಗೆ ಮೀನಿನ ದೊಡ್ಡ ತುಂಡನ್ನೇ ಹಾಕುತ್ತಾಳೆ. ದಿನಾ ರೆಂಬುಗ್‌ನ ದೋಣಿಯಲ್ಲಿ ಹೋಗುತ್ತೇನೆ. ಕಾಯಿ ಬಿಟ್ಟ ಜಾಗದಿಂದ ಆಚೆಗೆ, ಹವಳದ ಬಂಡೆ ದಾಟಿದ ಮೇಲೆ, ನೀರು ಬಲವಾಗಿ ತೆಂಕಣಕ್ಕೆ ಎಳೆಯುತ್ತದೆ. ಅಲ್ಲಿ ಇಳಿದವನು ಕೈಕಾಲು ಆಡಿಸಬೇಕಾದ್ದೇ ಇಲ್ಲ. ನೀರೇ ನೋಡಿಕೊಳ್ಳುತ್ತದೆ. ಸೇಜಿ ಅತ್ತಲೇ ಹೋಗಿರಬೇಕು.

ನನಗೆ ಹಿಂದೆ ಮುಂದೆ ಯಾರೂ ಇಲ್ಲ. ನಮ್ಮವರದೆಂದು ಒಂದು ಸಮಾಧಿಯೂ ಇಲ್ಲ. ಯಾರಿಗೂ ತೊಂದರೆಯಾಗುವುದಿಲ್ಲ. ನನ್ನ ಕೋಣೆಯ ಬೀಗದ ಕೈ ಬಂದರಿನ ಹಗ್ಗದಂಗಡಿಯಲ್ಲಿದೆ. ರೇಡಿಯೊ ನೀನು ಇಟ್ಟುಕೊ.

ಅಮ್ಮನಿಗೆ ಏನು ಹೇಳಬೇಕೋ ನಿನಗೆ ಬಿಟ್ಟದ್ದು.

ತೊಮೆಕಿಚಿ

*

ಕುರೊಹಾಮಾ
ಸೆಪ್ಟೆಂಬರ್ 15

ಲೋ ತೊಮೆಕಿಚಿ,

ಕಿನುಯೊ ಬರೀತಿದ್ದಾಳೆ, ಮಾತು ನಂದು. ಒಂದಕ್ಷರ ತಿದ್ದಿದ್ರೆ ಊಟ ಬಿಡ್ತೀನಿ ಅಂತ ಹೆದರಿಸಿ ಕೂರಿಸಿದ್ದೀನಿ. ಅಂಚೆಯವನು ಅರ್ಜೆಂಟ್ ಅಂತ ಏನೋ ಚೀಟಿ ಅಂಟಿಸ್ತಾನಂತೆ, ಅದನ್ನೂ ಅಂಟಿಸು ಅಂದಿದ್ದೀನಿ.

ನಿನ್ನ ಕಾಗದ ಎರಡನ್ನೂ ಓದಿಸ್ಕೊಂಡೆ. ಅವಳು ಸುಳ್ಳು ಓದುವಾಗ ಕಣ್ಣು ಕಾಗದದ ಮೇಲೆ ಓಡಲ್ಲ, ಒಂದೇ ಕಡೆ ನಿಂತಿರುತ್ತೆ. ಮಗುವಾಗಿದ್ದಾಗಿಂದ ಹಾಗೇ. ಎಷ್ಟು ದಿನ ನೋಡ್ಕೊಂಡಿರ್ಲಿ? ನಿಜ ಓದೇ ಅಂದೆ.

ಕೇಳಿ ನಾನು ಗಟ್ಟಿಯಾಗಿದ್ದೆ ಅಂತ ತಿಳ್ಕೋಬೇಡ. ಅತ್ತುಬಿಟ್ಟೆ. ನಿನ್ನ ಬೈದೆ, ನಿನ್ನ ಹೆತ್ತವರನ್ನ ಬೈದೆ, ಸಮುದ್ರಾನ ಬೈದೆ. ಅದಕ್ಕೆ ಹೊಟ್ಟೆ ತುಂಬೋದೇ ಇಲ್ವಾ? ನೆಲದಲ್ಲಿ ಹೂತಿಟ್ಟಿದ್ದನ್ನೂ ಕರೆಸ್ಕೊಂಡು ತಿಂತಲ್ಲ. ನನ್ನ ಕೂಸು ಕಣೋ ಅದು. ಹೊಟ್ಟೇಲಿದ್ದಾಗ್ಲೇ ಅಪ್ಪನ ಕಳ್ಕೊಂಡ ಕೂಸು.

ಆ ಹೆಣ್ಣುಮಗಳು ಸರಿನಿಂಗ್‌ಗೆ ಹೇಳು, ನಂಗೆ ಅವಳ ಮೇಲೆ ಕೋಪ ಇಲ್ಲ ಅಂತ. ಬೇಡ, ಹೇಳ್ಬೇಡ, ಇನ್ನೂ ಸ್ವಲ್ಪ ಇದೆ. ಸಾಯೋ ಹೊತ್ತಲ್ಲಿ ಗಂಜಿ ಕುಡಿಸಿದ ಕೈ ಅದು, ಅಷ್ಟು ಗೊತ್ತು ನಂಗೆ. ಅಷ್ಟನ್ನ ಹೇಳು.

ಈಗ ನಿನ್ನ ವಿಷ್ಯ. ನೀರು ತೆಂಕಣಕ್ಕೆ ಎಳೆಯುತ್ತೆ ಅಂತ ಬರ್ದಿದ್ದೀಯ. ಮೀನುಗಾರನ ಹೆಂಡತಿಗೆ ನೀರಿನ ಪಾಠ ಹೇಳಿಕೊಡ್ತೀಯಾ? ನೀನು ಎಲ್ಲಿಗೆ ಹೊರಟಿದ್ದೀಯ ಅಂತ ಎರಡನೇ ಸಾಲಿಗೇ ಗೊತ್ತಾಯ್ತು. ಕಿನುಯೊ ಅಲ್ಲಿಗೆ ಬಂದು ಮುಂದೆ ಓದಕ್ಕಾಗದೆ ಎದ್ದು ಹೋದ್ಲು. ಯಾರಿಗೂ ತೊಂದರೆಯಾಗಲ್ಲ ಅಂತ ಬರ್ದಿದ್ದೀಯಲ್ಲ, ಅವಳ ಮುಖ ನೋಡ್ಬೇಕಿತ್ತು ನೀನು. ಇದನ್ನ ಬರೆಯಲ್ಲ ಅಂತಾಳೆ. ಬರೀಯೇ.

ಕೇಳು. ಗುಡಿಯ ಗುರುಗಳನ್ನ ಕರೆಸಿ ಕೇಳ್ದೆ. ಬೇರೆ ಮನೆಯವನನ್ನ ನಮ್ಮ ಸಮಾಧೀಲಿ ಇಡೋಕಾಗಲ್ಲ ಅಂದ್ರು. ಸರಿ ಅಂತ ಕಚೇರಿಗೆ ಕಳಿಸಿ ವಿಚಾರಿಸಿದೆ. ದತ್ತು ತಗೋಬಹುದಂತೆ. ಮಗ ತಾಯಿಗಿಂತ ಒಂದು ದಿನ ಚಿಕ್ಕವನಾಗಿದ್ರೂ ಸಾಕಂತೆ. ನೀನು ಹದಿನೇಳು ವರ್ಷ ಚಿಕ್ಕವನು. ಬೋಳುತಲೆ ಮಗು ಅಂತ ಊರು ನಗುತ್ತೆ, ನಗ್ಲಿ. ದತ್ತು ಪತ್ರಕ್ಕೆ ನನ್ನ ಮುದ್ರೆ ಒತ್ತಿ ಆಯ್ತು. ನಿನ್ನ ಮುದ್ರೆ ಒತ್ತೋಕೆ ನೀನೇ ಬರ್ಬೇಕಂತೆ, ಅಂಚೇಲಿ ಆಗಲ್ವಂತೆ.

ನನ್ನ ಗಂಡನ ಮೂಳೆ ಬರ್ಲಿಲ್ಲ. ಮಗಂದು ಬರ್ಲಿಲ್ಲ. ನಿಂದಾದ್ರೂ ಬರ್ಲಿ. ಸಮುದ್ರಕ್ಕೆ ಹೋಗಿ ಬದುಕಿ ವಾಪಸ್ ಬಂದ ಗಂಡಸು ನಂಗೆ ಇನ್ನೊಬ್ಬ ಇಲ್ಲ ಕಣೋ. ಅಲ್ಲಿ ನೀರಿಗಿಳಿದು ಅದನ್ನೂ ನನ್ನಿಂದ ಕಿತ್ಕೋಬೇಡ. ಬೇಡ್ಕೋತೀನಿ. ಯಾವತ್ತೂ ಯಾರ ಹತ್ರಾನೂ ಬೇಡಿದವಳಲ್ಲ ನಾನು.

ನಾನು ಹೆಚ್ಚು ದಿನ ತಡೆಯಲ್ಲ. ಆ ಡಬ್ಬಿ ಅಲ್ಲೇ ಬಿಸಾಕು. ನಿನ್ನ ಮೂಳೆ ನೀನೇ ಹೊತ್ಕೊಂಡು, ಎರಡು ಕಾಲಲ್ಲಿ ನಡ್ಕೊಂಡು ಬಾ.

ನಿನ್ನ ಅಮ್ಮ,
ತ್ಸುನೆ